ಆಕ್ಸೊಲಾಟಲ್ ಸಾಕುವುದಾದರೆ: ನೀರು ತಣ್ಣಗಿರಲಿ, ಮೀನು ಬೇರೆ ಇರಲಿ

ನಮ್ಮ ಮನೆಯ ಟ್ಯಾಂಕಿನ ಪಕ್ಕದ ಗೋಡೆಗೆ ಒಂದು ನೋಟ್‌ಬುಕ್ ನೇತಾಡುತ್ತದೆ. ದಿನಕ್ಕೆ ಎರಡು ಸಲ ಅದರಲ್ಲಿ ನೀರಿನ ಉಷ್ಣಾಂಶ ಬರೆಯುತ್ತೇವೆ. ಬೆಳಿಗ್ಗೆ ಏಳರದ್ದು ನಾನು, ಮಧ್ಯಾಹ್ನ ಮೂರರದ್ದು ನನ್ನ ಹೆಂಡತಿ. ಅದರಲ್ಲಿರುವುದು ಆಕ್ಸೊಲಾಟಲ್ ಅನ್ನುವ ನೀರಿನ ಪ್ರಾಣಿ. ಅದನ್ನು ಸಾಕೋದು ಹೇಗೆ ಅಂತ ಯಾರಾದರೂ ಕೇಳಿದರೆ ಮೊದಲು ಆ ನೋಟ್‌ಬುಕ್ ಕೈಗೆ ಕೊಡುತ್ತೇನೆ. ಏಪ್ರಿಲ್ ತಿಂಗಳ ಪುಟ ನೋಡಿ ಅಂತೀನಿ. ಅದನ್ನು ನೋಡಿದ ಮೇಲೂ ಆಸೆ ಉಳಿದಿದ್ದರೆ ಮುಂದಿನ ಮಾತು.

ನಾನು ಹಳೇ ಹುಬ್ಬಳ್ಳಿಯಲ್ಲಿ ಫ್ರಿಜ್, ಎಸಿ, ವಾಟರ್ ಕೂಲರ್ ರಿಪೇರಿ ಮಾಡುವವನು. ಮೀನು ಸಾಕುವುದು ಚಿಕ್ಕಂದಿನಿಂದ ಬಂದ ಹುಚ್ಚು. ಗಪ್ಪಿ, ಮೋಲಿ, ಏಂಜೆಲ್, ಗೋಲ್ಡ್‌ಫಿಶ್ ಎಲ್ಲ ಸಾಕಿದ್ದೇನೆ. 2021ರಲ್ಲಿ ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಗೇಮ್‌ನೊಳಗೆ ಆಕ್ಸೊಲಾಟಲ್ ಬಂತು. ಆಮೇಲೆ ನನ್ನ ಮಗಳಿಗೆ ಬೇರೆ ಏನೂ ಬೇಡವಾಯಿತು. ಒಂದು ವರ್ಷ ಬೇಡ ಬೇಡ ಅಂದೆ. ಕಡೆಗೆ ತಂದೆವು. ಗುಲಾಬಿ ಬಣ್ಣದ್ದು ಬೇಕು ಅಂತ ಹೋದವಳು ಕಂದು ಮೈಯ, ಅಲ್ಲಲ್ಲಿ ಬಂಗಾರದ ಚುಕ್ಕೆ ಇರುವ ಮರಿ ಆರಿಸಿಕೊಂಡಳು. ಧಾರವಾಡ ಪೇಡಾದ ಬಣ್ಣ. ಹೆಸರೂ ಪೇಡಾ ಅಂತಲೇ ಆಯಿತು.

ಮೀನು ಸಾಕಿ ಗೊತ್ತಿದ್ದವರೇ ಇದರಲ್ಲಿ ಜಾಸ್ತಿ ತಪ್ಪು ಮಾಡುತ್ತಾರೆ. ನಾನೂ ಮಾಡಿದೆ. ಹಾಗಾಗಿ ಮೀನಿನ ಟ್ಯಾಂಕ್ ಮನೆಯಲ್ಲಿ ಇರುವವರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಇದನ್ನು ಬರೆಯುತ್ತಿದ್ದೇನೆ.

ಇದು ಮೀನಲ್ಲ

ಅಂಗಡಿಗಳಲ್ಲಿ ಇದನ್ನು ಮೆಕ್ಸಿಕನ್ ವಾಕಿಂಗ್ ಫಿಶ್ ಅಂತ ಮಾರುತ್ತಾರೆ. ಅರ್ಧ ತೊಂದರೆ ಆ ಹೆಸರಿನಿಂದಲೇ ಶುರು. ಮೀನು ಅಂದ ಮೇಲೆ ಮೀನಿನ ಜೊತೆ ಬಿಡಬಹುದು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಆದರೆ ಇದು ಕಪ್ಪೆಯ ಬಳಗದ್ದು, ಸಲಮ್ಯಾಂಡರ್. ಗೊದಮೊಟ್ಟೆ ಬೆಳೆದು ಕಪ್ಪೆಯಾಗಿ ದಡ ಹತ್ತುತ್ತದಲ್ಲ, ಹಾಗೆಯೇ ಎಷ್ಟೋ ಸಲಮ್ಯಾಂಡರ್‌ಗಳು ಬೆಳೆದ ಮೇಲೆ ಕಿವಿರು ಕಳೆದುಕೊಂಡು ನೆಲಕ್ಕೆ ಬರುತ್ತವೆ. ಇದು ಬರುವುದಿಲ್ಲ. ಮರಿಯ ರೂಪದಲ್ಲೇ ದೊಡ್ಡದಾಗುತ್ತದೆ, ಅದೇ ರೂಪದಲ್ಲೇ ಮೊಟ್ಟೆ ಇಡುತ್ತದೆ, ಜೀವನಪೂರ್ತಿ ನೀರಲ್ಲೇ ಇರುತ್ತದೆ. ತಲೆಯ ಎರಡೂ ಬದಿಗೆ ಮೂರು ಮೂರು ಗರಿ ಕಾಣುತ್ತವಲ್ಲ, ಅವೇ ಕಿವಿರು. ಹೊರಗೇ ತೆರೆದುಕೊಂಡಿರುತ್ತವೆ. ಈ ಗರಿಗಳ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಉದ್ದ ಸುಮಾರು 25 ಸೆಂಟಿಮೀಟರ್, ಕೆಲವು 30ರ ತನಕವೂ ಹೋಗುತ್ತವೆ. ಅಂದರೆ ಒಂದು ಅಡಿ. ಅಂಗಡಿಯಲ್ಲಿ ಬೆರಳುದ್ದ ಇರುವ ಮರಿ ನೋಡಿ ಸಣ್ಣ ಗಾಜಿನ ಬೌಲ್ ಕೊಳ್ಳಬೇಡಿ.

ಇದರ ಊರು ಮೆಕ್ಸಿಕೋ ಸಿಟಿಯ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕೆರೆ ಮತ್ತು ಕಾಲುವೆಗಳು. ಸಮುದ್ರ ಮಟ್ಟದಿಂದ 2,200 ಮೀಟರ್‌ಗಿಂತ ಮೇಲೆ. ನಮ್ಮ ಹುಬ್ಬಳ್ಳಿ ಸುಮಾರು 640 ಮೀಟರ್. ಎತ್ತರ ಹೆಚ್ಚಾದಷ್ಟೂ ತಂಪು ಹೆಚ್ಚು. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟರೆ ನಮ್ಮ ಕಷ್ಟ ಏನು ಅಂತ ಗೊತ್ತಾಗುತ್ತದೆ.

ತಂಪು

ಇದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ. 20ರ ತನಕ ನಡೆಯುತ್ತದೆ. 22 ದಾಟಿತು ಅಂದರೆ ಒಳಗೊಳಗೇ ಬಳಲುತ್ತದೆ. 24ರ ಮೇಲೆ ದಿನಗಟ್ಟಲೆ ಇದ್ದರೆ ಕಾಯಿಲೆ ಬೀಳುತ್ತದೆ, ಸಾಯಲೂಬಹುದು. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಏನೂ ಮಾಡದೆ ನೀರು 19, 20ಕ್ಕೆ ನಿಲ್ಲುತ್ತದೆ. ಜನ ಆ ಹೊತ್ತಿಗೆ ತರುತ್ತಾರೆ, ಚೆನ್ನಾಗೇ ಇದೆಯಲ್ಲ ಅಂತಾರೆ. ಶಿವರಾತ್ರಿ ಮುಗಿದ ಮೇಲೆ ಫೋನ್ ಮಾಡುತ್ತಾರೆ. ಏಪ್ರಿಲ್‌ನಲ್ಲಿ ಹೊರಗೆ 37, 38 ಡಿಗ್ರಿ ಇರುವಾಗ ಮನೆಯೊಳಗಿನ ನೀರು 30ಕ್ಕೆ ಸುಲಭವಾಗಿ ಹೋಗುತ್ತದೆ. ಗದಗ, ಹಾವೇರಿಯಲ್ಲೂ ಇದೇ ಕಥೆ. ಧಾರವಾಡದ ಹಳೇ ಹಂಚಿನ ಮನೆಗಳಲ್ಲಿ ಒಂದೆರಡು ಡಿಗ್ರಿ ಕಡಿಮೆ ಇರಬಹುದು, ಅಷ್ಟೇ.

ತಂಪು ಮಾಡೋದು ನನ್ನ ಕಸುಬು. ಅದಕ್ಕೆ ಈ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐಸ್ ಬಾಟಲಿ ಹಾಕಿದರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಲೆಕ್ಕ ನೋಡಿ. ಒಂದು ಕಿಲೋ ಐಸ್ ಕರಗಲು 80 ಕಿಲೋ ಕ್ಯಾಲೊರಿ ಶಾಖ ಎಳೆದುಕೊಳ್ಳುತ್ತದೆ. ಕರಗಿದ ನೀರು ಸೊನ್ನೆಯಿಂದ 18ಕ್ಕೆ ಬರಲು ಇನ್ನೊಂದು 18. ಒಟ್ಟು ನೂರರ ಹತ್ತಿರ. ಅಂದರೆ ಒಂದು ಲೀಟರ್ ಐಸ್ ಬಾಟಲಿ ನೂರು ಲೀಟರ್ ನೀರನ್ನು ಇಳಿಸುವುದು ಸುಮಾರು ಒಂದೇ ಒಂದು ಡಿಗ್ರಿ. 28ರಿಂದ 18ಕ್ಕೆ ತರಲು ಹತ್ತು ಬಾಟಲಿ ಬೇಕು. ಅಷ್ಟರಲ್ಲಿ ಕೋಣೆಯ ಶಾಖ ಗಾಜಿನ ಮೂಲಕ ಒಳಗೆ ಬರುತ್ತಲೇ ಇರುತ್ತದೆ. ಬಾಟಲಿ ಕರಗಿದ ಮೇಲೆ ಮತ್ತೆ ಏರುತ್ತದೆ. ಈ ಏರಿಳಿತ ಪ್ರಾಣಿಗೆ ಒಳ್ಳೆಯದಲ್ಲ. ಐಸ್ ಬಾಟಲಿ ಕರೆಂಟ್ ಹೋದಾಗ ಬಳಸುವ ವಸ್ತು. ಫ್ರೀಜರಿನಲ್ಲಿ ನಾಲ್ಕು ಯಾವಾಗಲೂ ಇರಲಿ. ಮುಚ್ಚಳ ಬಿಗಿ ಇರಲಿ, ಐಸ್ ತುಂಡನ್ನು ಬರಿದೇ ನೀರಿಗೆ ಹಾಕಬೇಡಿ.

ಫ್ಯಾನ್? ಮಣ್ಣಿನ ಹರವಿಯಲ್ಲಿ ನೀರು ತಣ್ಣಗಾಗುತ್ತದಲ್ಲ, ಅದೇ ಕೆಲಸ. ನೀರು ಆವಿಯಾಗುವಾಗ ಶಾಖ ಎತ್ತಿಕೊಂಡು ಹೋಗುತ್ತದೆ. ಟ್ಯಾಂಕಿನ ಮೇಲೆ ಜಾಳಿಗೆ ಮುಚ್ಚಿ, ನೀರಿನ ಮೇಲ್ಮೈಗೆ ಓರೆಯಾಗಿ ಒಂದು ಸಣ್ಣ ಫ್ಯಾನ್ ಬಿಟ್ಟರೆ ಮಾರ್ಚ್‌ನ ಒಣ ಗಾಳಿಯಲ್ಲಿ ಮೂರ್ನಾಲ್ಕು ಡಿಗ್ರಿ ಇಳಿಯುತ್ತದೆ. ನಮ್ಮಲ್ಲಿ ಬರೀ ಫ್ಯಾನಿನಿಂದ 27 ಸಿಕ್ಕಿತ್ತು. ಅಷ್ಟು ಇಳಿದದ್ದು ದೊಡ್ಡದೇ, ಆದರೆ 27 ಸಾಲದು. ಮಳೆಗಾಲದಲ್ಲಿ ಗಾಳಿಯೇ ತೇವ ಇರುವಾಗ ಫ್ಯಾನ್ ಕೆಲಸ ಅರ್ಧ ಆಗುತ್ತದೆ. ಫ್ಯಾನ್ ನಂಬಿ ಏಪ್ರಿಲ್ ದಾಟಲು ಆಗುವುದಿಲ್ಲ.

ಉಳಿದದ್ದು ಚಿಲ್ಲರ್, ಅಂದರೆ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಹಾಕಿ ಟ್ಯಾಂಕಿನ ನೀರು ತಣ್ಣಗೆ ಮಾಡುವ ಯಂತ್ರ. ನೂರು, ನೂರಿಪ್ಪತ್ತು ಲೀಟರ್ ಟ್ಯಾಂಕಿಗೆ ಹತ್ತನೇ ಒಂದು ಎಚ್‌ಪಿ ಚಿಲ್ಲರ್ ಸಾಕು. ಬೆಲೆ ಪ್ರಾಣಿಯ ಬೆಲೆಗಿಂತ ಎಷ್ಟೋ ಪಟ್ಟು. ಅದಕ್ಕೇ ಹೇಳೋದು, ಮೊದಲು ಚಿಲ್ಲರ್ ತನ್ನಿ, ಆಮೇಲೆ ಪ್ರಾಣಿ. ಚಿಲ್ಲರ್ ಇಟ್ಟ ಜಾಗಕ್ಕೆ ಗಾಳಿ ಬೇಕು. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಬಾಗಿಲು ಹಾಕಿ ಇಟ್ಟರೆ ಅದು ಬಿಟ್ಟ ಬಿಸಿ ಗಾಳಿಯನ್ನು ಅದೇ ಮತ್ತೆ ಎಳೆದುಕೊಳ್ಳುತ್ತದೆ, ಕಂಪ್ರೆಸರ್ ಬೇಗ ಹೋಗುತ್ತದೆ. ನಮ್ಮೂರ ಧೂಳು ನಿಮಗೆ ಗೊತ್ತು. ತಿಂಗಳಿಗೊಮ್ಮೆ ಹಿಂದಿನ ಜಾಲರಿ ಬ್ರಷ್‌ನಿಂದ ಒರೆಸಿ. ಸ್ಟೆಬಿಲೈಸರ್ ಹಾಕಿ. ಕರೆಂಟ್ ಹೋಗಿ ಬಂದಾಗ ಮೂರು ನಿಮಿಷ ತಡೆದು ಚಾಲೂ ಆಗುವಂಥದ್ದೇ ಬೇಕು.

ನನ್ನ ಹಾಗೆ ಕೈಯಿಂದ ಮಾಡುವವರಿಗೆ ಒಂದು ಮಾತು. ಹಳೇ ವಾಟರ್ ಕೂಲರ್ ಬಿಚ್ಚಿ ಅದರ ತಾಮ್ರದ ಕಾಯಿಲ್ ಸೀದಾ ನೀರಿಗೆ ಇಳಿಸುವ ಯೋಚನೆ ನನಗೂ ಬಂದಿತ್ತು. ಮಾಡಬೇಡಿ. ನಾವು ತಾಮ್ರದ ತಂಬಿಗೆಯಲ್ಲಿ ನೀರು ಕುಡಿಯುತ್ತೇವೆ ನಿಜ. ಆದರೆ ಕಿವಿರು ಮತ್ತು ಚರ್ಮದಿಂದ ಉಸಿರಾಡುವ ಈ ಪ್ರಾಣಿಗೆ ನೀರಿನಲ್ಲಿ ಕರಗಿದ ತಾಮ್ರ ವಿಷ. ಅಕ್ವೇರಿಯಂ ಚಿಲ್ಲರ್‌ಗಳಲ್ಲಿ ಟೈಟಾನಿಯಂ ಕಾಯಿಲ್ ಹಾಕಲು ಇದೂ ಒಂದು ಕಾರಣ. ನಾನು ಕಡೆಗೆ ಕೂಲರಿನ ಸ್ಟೀಲ್ ತೊಟ್ಟಿಯನ್ನೇ ಬಳಸಿದೆ. ಅದರಲ್ಲಿ ಕಾಯಿಲ್ ಹೊರಗೆ ಸುತ್ತಿರುತ್ತದೆ, ನೀರಿಗೆ ತಾಗುವುದಿಲ್ಲ. ತೊಟ್ಟಿಯ ಹಿತ್ತಾಳೆ ನಳ ತೆಗೆದು ಪ್ಲಾಸ್ಟಿಕ್‌ದು ಹಾಕಿದೆ. ಥರ್ಮೋಸ್ಟ್ಯಾಟ್ 17ಕ್ಕೆ ಇಟ್ಟಿದ್ದೇನೆ. ಕೆಲಸ ಗೊತ್ತಿಲ್ಲದವರು ಇದಕ್ಕೆ ಕೈ ಹಾಕಬೇಡಿ. ಕರೆಂಟ್, ನೀರು ಎರಡೂ ಒಂದೇ ಕಡೆ ಇರುತ್ತವೆ.

ಇನ್ನೊಂದು ಅಗ್ಗದ ಕೆಲಸವಿದೆ, ಯಾರೂ ಮಾಡುವುದಿಲ್ಲ. ಟ್ಯಾಂಕಿನ ಹಿಂದೆ, ಎರಡು ಬದಿಗೆ, ಕೆಳಗೆ ಒಂದು ಇಂಚಿನ ಥರ್ಮೋಕೋಲ್ ಹಚ್ಚಿ. ಮುಂದಿನ ಗಾಜು ಒಂದೇ ತೆರೆದಿರಲಿ. ಫ್ರಿಜ್ ಗೋಡೆ ದಪ್ಪ ಇರುವುದು ಯಾಕೆ ಹೇಳಿ? ತಂಪು ಮಾಡಿದರಷ್ಟೇ ಆಗಲಿಲ್ಲ, ಅದನ್ನು ಹಿಡಿದಿಡಬೇಕು.

ಇದನ್ನು ಕಲಿತದ್ದು ಮೊದಲ ವರ್ಷದ ಏಪ್ರಿಲ್ ಕೊನೆಯಲ್ಲಿ. ಸಂಜೆ ಗಾಳಿ ಮಳೆ ಬಂದು ಕಂಬ ಬಿತ್ತು. ಆರು ತಾಸು ಕರೆಂಟ್ ಇಲ್ಲ. ಆಗ ಥರ್ಮೋಕೋಲ್ ಇರಲಿಲ್ಲ, ಫ್ರೀಜರಿನಲ್ಲಿ ಬಾಟಲಿಯೂ ಇರಲಿಲ್ಲ. ನಾನು ಕುಂದಗೋಳದಲ್ಲಿ ಒಂದು ಎಸಿ ಕೆಲಸಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನೀರು 19ರಿಂದ 24.5ಕ್ಕೆ ಏರಿತ್ತು. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಪೇಡಾ ಮೂಲೆಯಲ್ಲಿ ಕೂತಿದೆ. ಯಾವಾಗಲೂ ಹಿಂದಕ್ಕೆ ಬಾಗಿರುವ ಗರಿಗಳು ಮುಂದಕ್ಕೆ ಮುದುಡಿವೆ. ಬಾಲದ ತುದಿ ಕೊಕ್ಕೆಯ ಹಾಗೆ ಸುರುಳಿ. ಮೂರು ದಿನ ಊಟ ಮುಟ್ಟಲಿಲ್ಲ. ವಾರದ ಮೇಲೆ ಒಂದು ಗರಿಗೆ ಹತ್ತಿಯಂಥ ಬಿಳಿ ಬೂಸ್ಟು ಹಿಡಿಯಿತು. ಆ ಮುದುಡಿದ ಗರಿಯನ್ನು ಒಮ್ಮೆ ನೋಡಿದರೆ ಮರೆಯಲು ಆಗುವುದಿಲ್ಲ. ಈಗ ಫ್ರೀಜರಿನ ಮೇಲಿನ ಅರೆ ಪೂರ್ತಿ ಬಾಟಲಿಗಳದ್ದೇ.

ಟ್ಯಾಂಕ್ ಮತ್ತು ನೀರು

ಒಂದಕ್ಕೆ ಮೂರು ಅಡಿ ಉದ್ದ, ಹದಿನೈದು ಇಂಚು ಅಗಲ, ಹದಿನೈದು ಇಂಚು ಎತ್ತರದ ಟ್ಯಾಂಕ್ ಮಾಡಿಸಿ. ಒಂದು ಅಡಿ ನೀರು ತುಂಬಿಸಿದರೆ ನೂರಾ ಐದು ಲೀಟರ್ ಆಗುತ್ತದೆ. ಎತ್ತರಕ್ಕಿಂತ ಉದ್ದ ಮುಖ್ಯ, ಇದು ತಳದಲ್ಲಿ ನಡೆದಾಡುವ ಪ್ರಾಣಿ. ಮೇಲೆ ಜಾಳಿಗೆ ಮುಚ್ಚಲೇಬೇಕು, ಜಿಗಿಯುತ್ತದೆ.

ಬಣ್ಣದ ಕಲ್ಲು, ಜಲ್ಲಿ ಹಾಕಬೇಡಿ. ಯಾಕೆ ಅನ್ನುವುದು ಅದು ತಿನ್ನುವ ರೀತಿಯಲ್ಲಿದೆ. ಅಗಿಯುವುದಿಲ್ಲ. ಬಾಯಿ ಫಕ್ಕನೆ ತೆರೆದು ನೀರಿನ ಸಮೇತ ಎದುರಿಗಿದ್ದದ್ದನ್ನು ಒಳಗೆಳೆಯುತ್ತದೆ. ಹುಳದ ಜೊತೆ ಕಲ್ಲೂ ಹೋಗುತ್ತದೆ, ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗಿನ ಮರಳು ಇರಲಿ, ಇಲ್ಲವೆ ತಳ ಖಾಲಿ ಬಿಡಿ. ನಾನು ನುಣುಪಿಲ್ಲದ ಟೈಲ್ಸ್ ಹಾಸಿದ್ದೇನೆ. ಬರೀ ಗಾಜಿನ ಮೇಲೆ ಕಾಲು ಜಾರುತ್ತದೆ, ಟೈಲ್ಸ್ ಮೇಲೆ ನಾಲ್ಕೂ ಕಾಲು ಊರಿ ನಿಧಾನಕ್ಕೆ ನಡೆಯುತ್ತದೆ. ಅಡಗಲು ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡು ಸಾಕು. ಅಂಚು ಸ್ಯಾಂಡ್ ಪೇಪರಿನಿಂದ ತಿಕ್ಕಿ. ಕಣ್ಣಿಗೆ ರೆಪ್ಪೆ ಇಲ್ಲ, ಹಾಗಾಗಿ ಜೋರು ಲೈಟ್ ಬೇಡ. ಫಿಲ್ಟರ್ ಸ್ಪಾಂಜ್‌ದು ಒಳ್ಳೆಯದು. ನೀರಿನ ಸೆಳೆತ ಜಾಸ್ತಿ ಇದ್ದರೆ ಅದಕ್ಕೂ ಗರಿ ಮುದುಡುತ್ತವೆ.

ಟ್ಯಾಂಕ್ ಚಾಲೂ ಮಾಡಿ ಪ್ರಾಣಿ ಬಿಡದೆ ಆರು ವಾರ ಕಾಯಿರಿ. ಎರಡು ತಿಂಗಳಾದರೂ ಆಗಬಹುದು. ಕೊಳೆಯಿಂದ ಬರುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಬೇಕು. ಅವು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ವಿಷವಲ್ಲದ ನೈಟ್ರೇಟ್ ಮಾಡುತ್ತವೆ. ಮೀನು ಸಾಕುವವರಿಗೆ ಇದು ಗೊತ್ತು. ಮನೆಯಲ್ಲಿ ಹಳೇ ಮೀನಿನ ಟ್ಯಾಂಕ್ ಇದ್ದರೆ ಅದರ ಸ್ಪಾಂಜ್ ಹಿಂಡಿ ಹಾಕಬೇಡಿ, ರೋಗವೂ ಜೊತೆಗೆ ಬರಬಹುದು. ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20ರ ಆಸುಪಾಸು ಬಂದ ಮೇಲೆ ಪ್ರಾಣಿ ಬಿಡಿ. ಆಮೇಲೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿ.

ನಮ್ಮ ನಳಕ್ಕೆ ಬರುವುದು ಮಲಪ್ರಭೆ ನೀರು. ಕ್ಲೋರಿನ್ ಇರುತ್ತದೆ. ಆಂಟಿ ಕ್ಲೋರಿನ್ ಹಾಕದೆ ಬಳಸಬೇಡಿ. ನೀರು ಬಂದ ದಿನವೇ ಎರಡು ಡ್ರಮ್ ತುಂಬಿಸಿ ನೆರಳಲ್ಲಿ ಮುಚ್ಚಿಡುತ್ತೇನೆ. ಬೇಸಿಗೆಯಲ್ಲಿ ತಾರಸಿಯ ಸಿಂಟೆಕ್ಸಿನಿಂದ ಮಧ್ಯಾಹ್ನ ನೀರು ಹಿಡಿಯಲೇಬೇಡಿ, ಕೈಯೇ ಸುಡುತ್ತದೆ. ಬೆಳಗಿನ ಜಾವ ಹಿಡಿದು, ಫ್ರಿಜ್ಜಿನ ನೀರು ಬೆರೆಸಿ, ಥರ್ಮೋಮೀಟರ್ ಅದ್ದಿ, ಟ್ಯಾಂಕಿನಷ್ಟೇ ತಂಪಾದ ಮೇಲೆ ಸುರಿಯಿರಿ. ಬೋರ್ ನೀರಿರುವವರು ಹೆದರಬೇಕಿಲ್ಲ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಇಷ್ಟ. ಆದರೆ ಹೊಲದ ಪಕ್ಕದ ಬೋರ್‌ಗಳಲ್ಲಿ ನೈಟ್ರೇಟ್ ಮೊದಲೇ ಜಾಸ್ತಿ ಇರಬಹುದು, ಕಿಟ್‌ನಲ್ಲಿ ನೋಡಿಕೊಳ್ಳಿ.

ಮೀನಿನ ಜೊತೆ ಬಿಡಬಹುದಾ?

ಬೇಡ. ಇದನ್ನು ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಹಾಗಾಗಿ ನಡೆದದ್ದನ್ನೇ ಹೇಳುತ್ತೇನೆ.

ಎರಡನೇ ವರ್ಷದ ಡಿಸೆಂಬರ್. ನೀರು 18 ಇತ್ತು. ಮೂರಡಿ ಟ್ಯಾಂಕಿನಲ್ಲಿ ಒಂದೇ ಪ್ರಾಣಿ, ಅದೂ ಹಗಲೆಲ್ಲ ಪೈಪಿನೊಳಗೆ. ಖಾಲಿ ಖಾಲಿ ಅನಿಸಿತು. ಗೋಲ್ಡ್‌ಫಿಶ್‌ಗೂ ತಣ್ಣೀರು ಬೇಕು, ಇದಕ್ಕೂ ತಣ್ಣೀರು ಬೇಕು, ಹೊಂದುತ್ತದೆ ಅಂತ ಲೆಕ್ಕ ಹಾಕಿದೆ. ಅಂಗಡಿಯವರೂ ಹೂಂ ಅಂದರು. ಬಾಯಿಗೆ ಸಿಗದಷ್ಟು ದೊಡ್ಡವೇ ಎರಡು ತಂದು ಬಿಟ್ಟೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ರಾತ್ರಿ ಮಗಳು ಕೂಗಿದಳು. "ಅಪ್ಪಾ, ಲಗೂನ ಬಾ, ಮೀನು ಪೇಡಾನ ಗರಿ ಕಚ್ಚಾಕತ್ತಾವು!"

ಹೋಗಿ ನೋಡಿದೆ. ಆಕ್ಸೊಲಾಟಲ್ ಗರಿಗಳ ಮೇಲೆ ಕೆಂಪು ಎಳೆಗಳಿರುತ್ತವೆ, ಹುಳಗಳ ಹಾಗೆ ಸಣ್ಣಗೆ ಅಲುಗುತ್ತಿರುತ್ತವೆ. ಗೋಲ್ಡ್‌ಫಿಶ್‌ಗೆ ಅವು ಕೆಂಪು ಹುಳವೇ. ಒಂದು ಮೀನು ಹಿಂದಿನಿಂದ ಬಂದು ಒಂದು ಎಳೆ ಕಿತ್ತುಕೊಂಡು ಹೋಗುತ್ತದೆ, ಪೇಡಾ ತಲೆ ಕೊಡವುತ್ತದೆ, ಅಷ್ಟರಲ್ಲಿ ಇನ್ನೊಂದು ಬರುತ್ತದೆ. ಬಲಗಡೆಯ ನಡುವಿನ ಗರಿ ಮೂರೇ ದಿನದಲ್ಲಿ ಬೋಳು ಕಡ್ಡಿಯಾಗಿತ್ತು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಆ ರಾತ್ರಿಯೇ ಮೀನುಗಳನ್ನು ತೆಗೆದೆ. ಕಾಲು, ಬಾಲ, ಕಿವಿರು ಕಳೆದುಕೊಂಡರೂ ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಈ ಪ್ರಾಣಿಗಿದೆ, ವಿಜ್ಞಾನಿಗಳು ಇದನ್ನು ಲ್ಯಾಬಿನಲ್ಲಿ ಸಾಕುವುದು ಅದಕ್ಕೇ. ಎರಡು ತಿಂಗಳಲ್ಲಿ ಪೇಡಾನ ಗರಿ ತುಂಬಿಕೊಂಡಿತು. ಮತ್ತೆ ಬೆಳೆಯುತ್ತದಲ್ಲ ಅಂತ ಕಚ್ಚಿಸಿಕೊಳ್ಳಲು ಬಿಡುವುದು ಸರಿಯಲ್ಲ. ಅದಕ್ಕೆ ನೋವಾಗುತ್ತದೆ. ಗಾಯಕ್ಕೆ ಬೂಸ್ಟು ಹಿಡಿಯುತ್ತದೆ.

ಇದು ದೊಡ್ಡ ಮೀನಿನ ಕಥೆ. ಸಣ್ಣ ಮೀನಿನದು ಉಲ್ಟಾ. ಗಪ್ಪಿ, ಟೆಟ್ರಾ, ಡೇನಿಯೊ ಇವು ಬಾಯಿಗೆ ಹಿಡಿಯುತ್ತವೆ. ಆಕ್ಸೊಲಾಟಲ್‌ಗೆ ಕಣ್ಣು ಅಷ್ಟಕ್ಕಷ್ಟೇ. ವಾಸನೆಯಿಂದ, ನೀರಿನ ಅಲುಗಾಟದಿಂದ ಗುರುತಿಸುತ್ತದೆ. ರಾತ್ರಿ ಅದು ಎದ್ದು ತಿರುಗುವ ಹೊತ್ತಿಗೆ ಮೀನುಗಳು ತಳಕ್ಕೆ ಇಳಿದು ಸುಮ್ಮನೆ ನಿಂತಿರುತ್ತವೆ. ಬೆಳಿಗ್ಗೆ ಎಣಿಸಿದರೆ ಎರಡು ಕಡಿಮೆ. ಅದು ಸಾಲದು ಅಂತ ಈ ಮೀನುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು 24ರಿಂದ 27 ಡಿಗ್ರಿ ನೀರು. ಒಂದಕ್ಕೆ ಹಿತವಾದರೆ ಇನ್ನೊಂದಕ್ಕೆ ಸಂಕಟ.

ತಳದ ಮೀನುಗಳು ಇನ್ನೂ ಕೆಟ್ಟವು. ಟ್ಯಾಂಕ್ ಕ್ಲೀನರ್ ಅಂತ ಮಾರುವ ಸಕ್ಕರ್ ಮೀನು ರಾತ್ರಿ ಆಕ್ಸೊಲಾಟಲ್ ಮೈಗೆ ಅಂಟಿಕೊಂಡು ಮೇಲಿನ ಲೋಳೆ ನೆಕ್ಕುತ್ತದೆ. ಆ ಲೋಳೆಯೇ ಅದರ ಕವಚ. ಹೋದರೆ ಚರ್ಮ ಹುಣ್ಣಾಗುತ್ತದೆ. ಕೋರಿಡೋರಾಸ್ ನೋಡಲು ಸಾಧು. ಆದರೆ ಹೆದರಿದಾಗ ಬೆನ್ನಿನ, ಪಕ್ಕದ ಮುಳ್ಳು ಸೆಟೆದು ನಿಲ್ಲಿಸಿ ಲಾಕ್ ಮಾಡಿಕೊಳ್ಳುತ್ತದೆ. ಹಾವೇರಿಯ ಒಬ್ಬ ಗೆಳೆಯರ ಆಕ್ಸೊಲಾಟಲ್ ರಾತ್ರಿ ಅಂಥದ್ದೊಂದನ್ನು ನುಂಗಲು ಹೋಯಿತು. ಮುಳ್ಳು ಗಂಟಲಲ್ಲಿ ಕಚ್ಚಿಕೊಂಡಿತು. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ. ಬೆಳಿಗ್ಗೆ ಎರಡೂ ಸತ್ತಿದ್ದವು. ಅವರು ಫೋನಿನಲ್ಲಿ ಹೇಳುವಾಗ ದನಿ ನಡುಗುತ್ತಿತ್ತು. ಮತ್ತೆ ಅವರು ಆಕ್ಸೊಲಾಟಲ್ ತರಲಿಲ್ಲ.

ಯಾರೂ ಹೇಳದ ಇನ್ನೊಂದು ಕಾರಣ ಔಷಧಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ನಾವು ಏನು ಮಾಡುತ್ತೇವೆ? ಹೀಟರ್ ಹಾಕಿ ನೀರು 30ಕ್ಕೆ ಏರಿಸುತ್ತೇವೆ, ಇಲ್ಲವೆ ತಾಮ್ರ ಅಥವಾ ಮ್ಯಾಲಕೈಟ್ ಗ್ರೀನ್ ಇರುವ ಔಷಧಿ ಹಾಕುತ್ತೇವೆ. ಆ ಬಿಸಿಯನ್ನೂ ಆ ಔಷಧಿಯನ್ನೂ ಆಕ್ಸೊಲಾಟಲ್ ತಡೆದುಕೊಳ್ಳುವುದಿಲ್ಲ. ಒಂದೇ ನೀರಿನಲ್ಲಿದ್ದರೆ ಮೀನನ್ನು ಉಳಿಸಲು ಹೋಗಿ ಇದನ್ನು ಕಳೆದುಕೊಳ್ಳುತ್ತೀರಿ.

ಹೊಂದುವ ಮೀನು ಒಂದೂ ಇಲ್ಲವಾ ಅಂದರೆ, ಹತ್ತಿರ ಬರುವುದು ವೈಟ್ ಕ್ಲೌಡ್ ಮಿನ್ನೊ ಒಂದೇ. ಚೀನಾದ ಬೆಟ್ಟದ ಹೊಳೆಯ ಮೀನು, 18 ಡಿಗ್ರಿಯಲ್ಲಿ ಆರಾಮಾಗಿ ಇರುತ್ತದೆ, ಮುಳ್ಳಿಲ್ಲ, ಗರಿ ಕಚ್ಚುವುದೂ ಅಪರೂಪ. ಆದರೆ ಅದೂ ಒಂದಲ್ಲ ಒಂದು ದಿನ ಊಟವಾಗುತ್ತದೆ. ಅದನ್ನು ಒಪ್ಪಿಕೊಂಡವರು ಮಾತ್ರ ಬಿಡಿ. ಬಿಡುವ ಮೊದಲು ಒಂದು ತಿಂಗಳು ಬೇರೆ ಟ್ಯಾಂಕಿನಲ್ಲಿಟ್ಟು ರೋಗ ಇದೆಯಾ ನೋಡಿ. ಉಣಕಲ್ ಕೆರೆಯಿಂದ ಸಣ್ಣ ಮೀನು ಹಿಡಿದು ತಂದು ಹಾಕುವವರನ್ನು ಕಂಡಿದ್ದೇನೆ. ಬೇಡ, ಅದರ ಜೊತೆ ಪರಾವಲಂಬಿ ಹುಳಗಳೂ ಬರುತ್ತವೆ. ಬಸವನಹುಳು ಬೇಡ, ಚಿಪ್ಪಿನ ಸಮೇತ ನುಂಗುತ್ತದೆ.

ಮೀನಿಗೂ ಇದಕ್ಕೂ ಎಷ್ಟು ಹಳೇ ವೈರ ಅಂದರೆ, ಸೊಚಿಮಿಲ್ಕೊದಲ್ಲಿ ಇದರ ಸಂತಾನ ನಾಶವಾಗಲು ನೀರು ಹೊಲಸಾದದ್ದರ ಜೊತೆ ಮೀನುಗಳೂ ಕಾರಣ. ಜನರ ಊಟಕ್ಕೆ ಅಂತ ಅಲ್ಲಿ ಕಾರ್ಪ್ ಮತ್ತು ತಿಲಾಪಿಯಾ ಬಿಟ್ಟರು. ನಮ್ಮ ಮಾರುಕಟ್ಟೆಯಲ್ಲಿ ಜಿಲೇಬಿ ಅಂತ ಮಾರುವ ಅದೇ ತಿಲಾಪಿಯಾ. ಅವು ಮೊಟ್ಟೆ, ಮರಿ ತಿಂದವು, ಜಾಗ ಹಿಡಿದವು. 1998ರಲ್ಲಿ ಎಣಿಸಿದಾಗ ಒಂದು ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್ ಇದ್ದವು. 2014ರಲ್ಲಿ 36. ಮೆಕ್ಸಿಕೋದವರು 50 ಪೆಸೊ ನೋಟಿನ ಮೇಲೆ ಅದರ ಚಿತ್ರ ಹಾಕಿದ್ದಾರೆ. ಕಾಲುವೆಯಲ್ಲಿ ಹುಡುಕಿದರೆ ಸಿಗುವುದೇ ಕಷ್ಟ.

ಎರಡು ಆಕ್ಸೊಲಾಟಲ್ ಒಟ್ಟಿಗೆ ಬಿಡಬಹುದಾ ಅಂತಲೂ ಕೇಳುತ್ತಾರೆ. ಮರಿಗಳು ಒಂದರ ಕಾಲು ಒಂದು ಕಡಿಯುತ್ತವೆ. ಬೆಳೆದವು ಒಂದೇ ಅಳತೆ ಇದ್ದು, ಎರಡೂ ಗಂಡು ಅಥವಾ ಎರಡೂ ಹೆಣ್ಣು ಆಗಿದ್ದು, ದೊಡ್ಡ ಟ್ಯಾಂಕ್ ಇದ್ದರೆ ಆಗಬಹುದು. ಗಂಡು ಹೆಣ್ಣು ಕೂಡಿದರೆ ಒಂದು ಸಲಕ್ಕೆ ನೂರಾರು ಮೊಟ್ಟೆ, ಅಷ್ಟನ್ನು ಸಾಕುವವರು ಯಾರು? ಇದಕ್ಕೆ ಒಂಟಿತನದ ಬೇಸರ ಇಲ್ಲ. ಬೇಸರ ನಮಗೆ.

ಊಟ

ಬೆಳೆದದ್ದಕ್ಕೆ ಎರೆಹುಳುವೇ ಮೃಷ್ಟಾನ್ನ. ಎರಡು ದಿನಕ್ಕೊಮ್ಮೆ ಒಂದೆರಡು ಹುಳ ಸಾಕು. ಮರಿಗಳಿಗೆ ದಿನಾ, ಸಣ್ಣಗೆ ತುಂಡು ಮಾಡಿ, ಇಲ್ಲವೆ ಫ್ರೋಜನ್ ಬ್ಲಡ್‌ವರ್ಮ್. ಎರೆಗೊಬ್ಬರ ಮಾಡುವವರ ಹತ್ತಿರ ಎರಡು ಜಾತಿ ಹುಳ ಸಿಗುತ್ತವೆ. ಸಣ್ಣ, ಪಟ್ಟೆ ಪಟ್ಟೆ ಇರುವ ಕೆಂಪು ಹುಳ ಮುಟ್ಟಿದರೆ ಹಳದಿ ರಸ ಬಿಡುತ್ತದೆ. ಕಹಿ ಇರಬೇಕು, ಪೇಡಾ ಉಗುಳುತ್ತದೆ. ಉದ್ದ, ನೇರಳೆ ಮೈಯ ಆಫ್ರಿಕನ್ ಹುಳ ಕೇಳಿ ತನ್ನಿ, ಅದನ್ನು ಬಿಡುವುದಿಲ್ಲ. ನಾನು ಹಿತ್ತಲಲ್ಲಿ ಒಂದು ಒಡೆದ ಹರವಿಯಲ್ಲಿ ಸಗಣಿ, ಒಣ ಎಲೆ ಹಾಕಿ ಬೆಳೆಸುತ್ತೇನೆ. ಹೊಲದಿಂದ ಅಗೆದು ತರಬೇಡಿ. ನಮ್ಮ ಸೀಮೆಯ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಎಷ್ಟು ಸಲ ಕೀಟನಾಶಕ ಹೊಡೆಯುತ್ತಾರೆ ಅಂತ ನಿಮಗೇ ಗೊತ್ತು. ಮಟನ್, ಲಿವರ್ ಕೊಡಬೇಡಿ, ಆ ಕೊಬ್ಬು ಅದಕ್ಕೆ ಅರಗುವುದಿಲ್ಲ. ತಿಂದು ಬಿಟ್ಟದ್ದನ್ನು ಅವತ್ತೇ ಪೈಪೆಟ್‌ನಿಂದ ಎತ್ತಿ.

ಹುಷಾರು ತಪ್ಪಿದರೆ

ಮೊದಲು ಥರ್ಮೋಮೀಟರ್ ನೋಡಿ, ಆಮೇಲೆ ಅಮೋನಿಯಾ. ಹತ್ತಕ್ಕೆ ಎಂಟು ಸಲ ಅಲ್ಲೇ ಉತ್ತರ ಇರುತ್ತದೆ. ಗರಿಗೆ ಬಿಳಿ ಬೂಸ್ಟು ಬಂದರೆ ಉಪ್ಪಿನ ಸ್ನಾನ. ಒಂದು ಲೀಟರ್ ಕ್ಲೋರಿನ್ ಇಲ್ಲದ ತಣ್ಣೀರಿಗೆ ಎರಡು ಚಹಾ ಚಮಚ ಅಯೋಡಿನ್ ಇಲ್ಲದ ಕಲ್ಲುಪ್ಪು, ಪೂರ್ತಿ ಕರಗಿಸಿ. ಹತ್ತು ನಿಮಿಷ, ಗಡಿಯಾರ ನೋಡಿಕೊಂಡು. ದಿನಕ್ಕೆ ಎರಡು ಸಲ, ಮೂರ್ನಾಲ್ಕು ದಿನ. ಒದ್ದಾಡಿದರೆ ತಕ್ಷಣ ತೆಗೆಯಿರಿ. ಪೇಡಾಗೆ ಐದನೇ ದಿನಕ್ಕೆ ಬೂಸ್ಟು ಉದುರಿತು. ಕೈಯಿಂದ ಎತ್ತಬೇಡಿ, ಮೈಯಲ್ಲಿ ಮೂಳೆಗಿಂತ ಮೃದ್ವಸ್ಥಿಯೇ ಜಾಸ್ತಿ. ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.

ಕಾಗದಪತ್ರದ ವಿಷಯವೂ ಇದೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಆಕ್ಸೊಲಾಟಲ್ ಇದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದ ಮೇಲೆ, 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದರೆ ಮೂವತ್ತು ದಿನದೊಳಗೆ. ರಸೀದಿ ಕೊಡದವರ ಹತ್ತಿರ ಕೊಳ್ಳಬೇಡಿ. ಸಾಕಲು ಆಗದಿದ್ದರೆ ಉಣಕಲ್‌ಗೋ ಕೆಲಗೇರಿ ಕೆರೆಗೋ ಬಿಡಬೇಡಿ, ಆ ಬಿಸಿ ನೀರಿನಲ್ಲಿ ಅದು ಉಳಿಯುವುದಿಲ್ಲ.

ಈಗಾಗಲೇ ಒಟ್ಟಿಗೆ ಬಿಟ್ಟಿದ್ದರೆ

ಇವತ್ತೇ ಬೇರೆ ಮಾಡಿ. ಮೀನುಗಳು ಜಾಸ್ತಿ ಇದ್ದರೆ ಆಕ್ಸೊಲಾಟಲ್ ಅನ್ನೇ ಎತ್ತಿ. ಇಪ್ಪತ್ತು ಲೀಟರಿನ ಹೊಸ ಪ್ಲಾಸ್ಟಿಕ್ ಟಬ್ ಸಾಕು, ಸೋಪು ಮುಟ್ಟಿದ್ದಲ್ಲ. ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬಿಸಿ ಇರುವ ನೀರು ತುಂಬಿಸಿ. ಒಳಗೆ ಪೈಪಿನ ತುಂಡು ಹಾಕಿ, ಮೇಲೆ ಜಾಳಿಗೆ ಮುಚ್ಚಿ. ಮನೆಯ ತಂಪು ಜಾಗದಲ್ಲಿ, ನೆಲದ ಮೇಲೆ ಇಡಿ. ನಿಮ್ಮ ಮೀನಿನ ಟ್ಯಾಂಕ್ 27 ಡಿಗ್ರಿ ಇದ್ದರೆ ಒಮ್ಮೆಲೇ 18ಕ್ಕೆ ಇಳಿಸಬೇಡಿ. ದಿನಕ್ಕೆ ಎರಡು ಡಿಗ್ರಿಯಂತೆ, ಐಸ್ ಬಾಟಲಿ ಹಾಕುತ್ತಾ ತೆಗೆಯುತ್ತಾ ಇಳಿಸಿ. ಟಬ್‌ನಲ್ಲಿ ಫಿಲ್ಟರ್ ಇರುವುದಿಲ್ಲ, ಹಾಗಾಗಿ ದಿನಾ ಪೂರ್ತಿ ನೀರು ಬದಲಿಸಿ. ಹೊಸ ಟ್ಯಾಂಕ್ ಸಿದ್ಧವಾಗುವ ತನಕ, ಎರಡು ತಿಂಗಳಾದರೂ ಸರಿ, ಹೀಗೇ ನಡೆಸಬಹುದು. ಮೊದಲ ಒಂದೆರಡು ದಿನ ಊಟ ಬಿಟ್ಟರೆ ಗಾಬರಿ ಬೇಡ. ಮೂರನೇ ರಾತ್ರಿ ಲೈಟ್ ಆರಿಸಿ, ಒಂದು ಎರೆಹುಳು ಇಕ್ಕಳದಲ್ಲಿ ಹಿಡಿದು ಮೂಗಿನ ಮುಂದೆ ನಿಧಾನಕ್ಕೆ ಆಡಿಸಿ ನೋಡಿ.